ಸೋಪಿನ ಬಟ್ಟಲಿನ ಜೀರ್ಣೋದ್ಧಾರ

ನೆಟ್ಟಗಿರುವ ವಸ್ತುವನ್ನು ನೆಟ್ಟಗಿರಲು ಬಿಡಬೇಕೆಂಬ ಬುದ್ಧಿಯನ್ನು ದೇವರು ನನಗೆ ಕೊಡಲಿಲ್ಲ. ನೌಕರಿಯಲ್ಲಿದ್ದಾಗ ಈ ದೋಷ ಅಷ್ಟಾಗಿ ಕಾಣುತ್ತಿರಲಿಲ್ಲ, ಏಕೆಂದರೆ ನಮ್ಮ ಆಫೀಸಿನಲ್ಲಿ ನೆಟ್ಟಗಿರುವ ವಸ್ತುಗಳೇ ಕಡಿಮೆ. ನಿವೃತ್ತನಾಗಿ ಕತ್ರಿಗುಪ್ಪೆಯ ಮನೆಯಲ್ಲಿ ಕೂತ ಮೇಲೆ ಅದಕ್ಕೆ ಪೂರ್ತಿ ಬಿಡುವು ಸಿಕ್ಕಿತು. ಮೊದಲು ಗೋಡೆ ಗಡಿಯಾರ ಬಿಚ್ಚಿದೆ. ಅದು ಈಗಲೂ ಗೋಡೆಯ ಮೇಲಿದೆ, ಗಂಟೆ ಮಾತ್ರ ಹೇಳುವುದಿಲ್ಲ. ಆಮೇಲೆ ಮಿಕ್ಸಿ ಬಿಚ್ಚಿದೆ. ಆ ಮಿಕ್ಸಿಯ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಎತ್ತಿದರೆ ನನ್ನ ಹೆಂಡತಿ ಸುಧಾ ಸುಲಭಕ್ಕೆ ಇಳಿಸುವುದಿಲ್ಲ. ಹೀಗೆ ಕೈ ಕಟ್ಟಿ ಕೂತಿದ್ದಾಗ ಒಂದು ದಿನ ಮೊಬೈಲಿನಲ್ಲಿ ಯಾರೋ ಪರದೇಶದ ಮಹಾನುಭಾವ ಕೈಗೆ ಗವಸು ಹಾಕಿಕೊಂಡು, ಹಳೆಯ ಕಾಲದ ಮರದ ಶೇವಿಂಗ್ ಸೋಪಿನ ಬಟ್ಟಲೊಂದನ್ನು ಉಜ್ಜಿ, ಎಣ್ಣೆ ಹಚ್ಚಿ, ಅದರ ಮುಚ್ಚಳದ ಮೇಲಿನ ಲೇಬಲ್ಲನ್ನು ಕೂಸಿನಂತೆ ಎತ್ತಿ ಮತ್ತೆ ಅಂಟಿಸುವುದನ್ನು ನೋಡಿದೆ. ನೋಡುತ್ತಿದ್ದಂತೆ ಎದ್ದು ನಿಂತೆ. ಅಂಥದ್ದೇ ಬಟ್ಟಲು ನಮ್ಮ ಬಚ್ಚಲುಮನೆಯಲ್ಲೇ ಇತ್ತು!

ಇತ್ತು ಎಂದರೆ, ನನ್ನದಲ್ಲ. ಸುಧಾಳ ತಂದೆ, ಅಂದರೆ ನನ್ನ ಮಾವನವರು, ನಮ್ಮ ಜೊತೆಗೇ ಇದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ಮಾತು ಕಡಿಮೆ. ಅವರ ಬಟ್ಟಲು ಮುಷ್ಟಿಯಲ್ಲಿ ಹಿಡಿಸುವಷ್ಟು ದೊಡ್ಡದು, ಕಪ್ಪಗಾಗಿದೆ, ಮರದ ಮುಚ್ಚಳದ ಮೇಲೆ ಚಿತ್ರ ಏನೆಂದು ಗುರುತು ಸಿಗದಷ್ಟು ಮಾಸಿದ ಒಂದು ಲೇಬಲ್. ಒಳಗೆ ತಳದಲ್ಲಿ ಕಲ್ಲಿನಂತೆ ಗಟ್ಟಿಯಾದ, ಹಳದಿ ತಿರುಗಿದ ಸೋಪು. ಅದನ್ನು ಕೇಳಿ ತೆಗೆದುಕೊಳ್ಳಬೇಕಿತ್ತು, ನಿಜ. ಆದರೆ ಅವರಿಗೆ ಸಹಸ್ರಚಂದ್ರದರ್ಶನ ಶಾಂತಿ ಹತ್ತಿರ ಬರುತ್ತಿತ್ತು. ಸಾವಿರ ಹುಣ್ಣಿಮೆ ಕಂಡವರಿಗೆ ಅಳಿಯನ ಕಡೆಯಿಂದ ಒಂದು ಉಡುಗೊರೆಯಾಗಲಿ ಎಂದುಕೊಂಡೆ. ಮಾವನವರು ಮಂಗಳವಾರ, ಶುಕ್ರವಾರ, ಶನಿವಾರ, ಏಕಾದಶಿ, ಅಮಾವಾಸ್ಯೆ, ತಮ್ಮ ಜನ್ಮನಕ್ಷತ್ರದ ದಿನ, ಇವುಗಳಲ್ಲಿ ಗಡ್ಡ ಮುಟ್ಟುವವರಲ್ಲ. ಪಂಚಾಂಗ ನೋಡಿ, ಇಂಥ ದಿನಗಳು ಸಾಲಾಗಿ ಬಂದಾಗ ಬಟ್ಟಲು ಎತ್ತಿದೆ. ಅವರಿಗೆ ಬೇಕಾಗುವ ಹೊತ್ತಿಗೆ ವಾಪಸ್ ಇಡುವುದೆಂದು ನನ್ನ ಲೆಕ್ಕ. ಇಡಲಾಗದಿದ್ದರೆ ಇರಲಿ ಎಂದು ಒಂದು ಸ್ಟೀಲಿನ ಲೋಟವನ್ನೂ ಹೊಸ ಸೋಪನ್ನೂ ಅಲ್ಲಿಟ್ಟೆ.

ಮೊದಲು ಒಳಗಿನ ಕೊಳೆಯನ್ನು ಹಳೆಯ ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದೆ. ಇದಕ್ಕೇ ಒಂದು ಬೆಳಗ್ಗೆ ಹೋಯಿತು, ಹೆಬ್ಬೆರಳಿನ ಚರ್ಮವೂ ಹೋಯಿತು. ಉಪ್ಪುಕಾಗದ ಹಾಕಿ ತಿಕ್ಕಿದಾಗ ತಳದಲ್ಲಿ ಮರದ ಎಳೆಯೊಂದು ಎಷ್ಟು ಸೊಗಸಾಗಿ ಎದ್ದು ಬಂತೆಂದರೆ, ಅದು ಇನ್ನಷ್ಟು ಕಾಣಲೆಂದು ಅಲ್ಲಿಗೇ ಎರಡು ಸಲ ಎಣ್ಣೆ ಹಚ್ಚಿದೆ. ಲೇಬಲ್ಲನ್ನು ಕುಕ್ಕರಿನ ಆವಿಗೆ ಹಿಡಿದು ಬಿಡಿಸಿದೆ. "ನಿಮ್ಮ ಶೇವಿಂಗ್ ಸಾಮಾನು ನನ್ನ ಅಡುಗೆಮನೇಲಿ ಯಾಕ್ರೀ? ಬೇಳೆ ಬೇಯ್ತಿದೆ ಅದರಲ್ಲಿ!" ಎಂದು ಸುಧಾ ಕೂಗಿದಳು. ಕಲಾವಿದನಿಗೆ ಮನೆಯಲ್ಲಿ ಮರ್ಯಾದೆ ಸಿಗುವುದಿಲ್ಲ. ಮೈದಾ ಅಂಟು ಕುದಿಸಿ, ಲೇಬಲ್ಲಿನ ಬೆನ್ನಿಗೆ ಹಚ್ಚಿ, ಒಣಗಲೆಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಜಿರಳೆಗಳು ಅರ್ಧ ಲೇಬಲ್ಲನ್ನು ಅಂಟಿನ ಸಮೇತ ಊಟ ಮಾಡಿ ಹೋಗಿದ್ದವು. ನನಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಗಡ್ಡ ತೆಗೆಯಬಹುದಾದ ದಿನಗಳು ಬಂದು ಹೋದವು. ಮಾವನವರು ಸ್ಟೀಲಿನ ಲೋಟವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಜಗಳವನ್ನೂ ಆಡಲಿಲ್ಲ. ನನ್ನೊಡನೆ ಮಾತು ಬಿಟ್ಟು, ಗಡ್ಡ ಬಿಟ್ಟರು. ಬಿಳಿಯ ಗಡ್ಡ ದಿನೇ ದಿನೇ ದಟ್ಟವಾಯಿತು. ಮೇಲಿನ ಮನೆಯ ಆಂಟಿ ಮೆಟ್ಟಿಲಿನಲ್ಲಿ ನನ್ನನ್ನು ನಿಲ್ಲಿಸಿ, "ತಾತ ಮಾಲೆ ಹಾಕಿದ್ದಾರಾ ಅಂಕಲ್? ಈ ವಯಸ್ಸಲ್ಲಿ ಬೆಟ್ಟ ಹತ್ತೋಕಾಗುತ್ತಾ?" ಎಂದು ಕೇಳಿದರು. ಸುಧಾ ನೇರವಾಗಿಯೇ ಹೇಳಿದಳು: "ನೋಡ್ರೀ, ಅಪ್ಪನ ಶಾಂತಿಗೆ ನೆಂಟರೆಲ್ಲ ಬರ್ತಾರೆ. ಫೋಟೋದಲ್ಲಿ ಅಪ್ಪ ಹೀಗೇ ಕೂತ್ಕೊಂಡ್ರೆ, ಮಗಳ ಮನೇಲಿ ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ನಮ್ಮ ಅಣ್ಣಂದಿರು ಜನ್ಮಪೂರ್ತಿ ಆಡ್ಕೋತಾರೆ. ಬಟ್ಟಲು ಕೊಟ್ಬಿಡಿ." ಅರ್ಧ ಲೇಬಲ್ಲಿನ ಬಟ್ಟಲನ್ನು ಯಾವ ಮುಖ ಇಟ್ಟುಕೊಂಡು ಕೊಡಲಿ?

ಉಳಿದ ಚೂರನ್ನು ಪ್ಲಾಸ್ಟಿಕ್ಕಿನಲ್ಲಿಟ್ಟುಕೊಂಡು ಇಟ್ಟಮಡುವಿನಲ್ಲಿ ಮದುವೆ ಕಾರ್ಡು ಮಾಡುವ ಒಂದು ಅಂಗಡಿಗೆ ಹೋದೆ. ಚೂರಿನಲ್ಲಿ ಉಳಿದದ್ದು ಬಾಗಿದ ಒಂದು ಹೊಟ್ಟೆ, ಕೆಳಗೆ ನೀರಿನ ಅಲೆ. ಬಾತುಕೋಳಿ ಎಂದು ಸುಧಾ, ಹಂಸ ಎಂದು ನಾನು. ಅಂಗಡಿಯವನು ಕಂಪ್ಯೂಟರಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದ. "ಸಾರ್, ಹಂಸ ನನ್ ಹತ್ರ ಇಲ್ಲ. ನವಿಲು ರೆಡಿ ಇದೆ, ಸಖತ್ತಾಗಿ ಕೂತ್ಕೊಳ್ಳುತ್ತೆ. ತಲೆ ಮಾತ್ರ ನವಿಲಿಂದು ಹಾಕ್ಬಿಡ್ಲಾ? ಮೇಲೊಂದು ಗಣಪತಿ?" ಎಂದ. ಗಣಪತಿ ಬೇಡವೆಂದು ಒಪ್ಪಿಸುವುದರಲ್ಲಿ ನನ್ನ ಶಕ್ತಿಯೆಲ್ಲ ಮುಗಿದು, ನವಿಲಿನ ತಲೆಗೆ ಒಪ್ಪಿಕೊಂಡೆ. ಅಂಚಿಗೆ ಅವನಾಗಿಯೇ ಮಲ್ಲಿಗೆ ಬಳ್ಳಿ ಬಿಡಿಸಿ ಕೊಟ್ಟ. ಮುಚ್ಚಳಕ್ಕೆ ಅಂಟಿಸಿ ನೋಡಿದಾಗ ಬಟ್ಟಲು ಯಾರದೋ ಆರತಕ್ಷತೆಗೆ ನಮ್ಮನ್ನು ಕರೆಯುವಂತಿತ್ತು.

ಶಾಂತಿಯ ಹಿಂದಿನ ದಿನ ಬೆಳಗ್ಗೆ ಬಟ್ಟಲನ್ನು ತಟ್ಟೆಯಲ್ಲಿಟ್ಟು ಮಾವನವರ ಮುಂದೆ ಹಿಡಿದೆ. ಮಾವನವರು ಕನ್ನಡಕ ಹಾಕಿಕೊಂಡು ಮುಚ್ಚಳವನ್ನು ದೀರ್ಘವಾಗಿ ನೋಡಿ, ವಾರಗಳ ಮೌನ ಮುರಿದರು. "ಇದ್ಯಾವ ಪಕ್ಷಿ?"

"ಹಂಸ, ಮಾವ. ಮೊದಲಿದ್ದದ್ದೇ."

"ಮೊದಲಿದ್ದದ್ದು ಹಡಗು," ಎಂದರು.

ಮುಚ್ಚಳ ತೆಗೆದು ಒಳಗೆ ನೋಡಿದರು. ಅವರ ಮುಖ ಇಳಿದುಹೋಯಿತು. "ಇದರಲ್ಲಿದ್ದ ಸೋಪೆಲ್ಲಿ?"

"ಅದು ಹಳೇ ಕೊಳೆ ಮಾವ, ಕೆರೆದು ತೆಗೆದೆ."

"ಕೊಳೆ! ಅಳಿಯಂದ್ರೇ, ಅದು ಹೆಪ್ಪು. ಹಳೇದು ಮುಗಿಯೋಕೆ ಮುಂಚೆ ಅದರ ಮೇಲೇ ಹೊಸದು ಒತ್ತಬೇಕು. ನಾನು ಕೆಲಸಕ್ಕೆ ಸೇರಿದಾಗಿಂದ ಆ ತಳ ಖಾಲಿಯಾಗೋಕೆ ಬಿಟ್ಟಿಲ್ಲ." ಹೇಳುತ್ತಲೇ ಚೊಂಬಿನಿಂದ ಬಟ್ಟಲಿಗೆ ನೀರು ಹಾಕಿದರು. ನೀರು ಒಂದು ಕ್ಷಣ ನಿಂತು, ನಾನು ಎರಡು ಸಲ ಎಣ್ಣೆ ಹಚ್ಚಿ ಮೆರೆಸಿದ ಆ ಸೊಗಸಾದ ಎಳೆಯಿಂದ ಇಳಿದು, ನನ್ನ ಪಾದದ ಮೇಲೆ ತೊಟ್ಟಿಕ್ಕಿತು. "ತಳ ಸೀಳಿ ಎಷ್ಟೋ ಕಾಲ ಆಯ್ತು. ಸೋಪೇ ಹಿಡ್ಕೊಂಡಿತ್ತು," ಎಂದರು. ಬೈದಿದ್ದರೆ ವಾಸಿಯಿತ್ತು. ಬಟ್ಟಲನ್ನು ನನ್ನ ಕೈಗೇ ಕೊಟ್ಟು, ಅಂಗಿ ತೊಟ್ಟು, ಬೀದಿ ಕೊನೆಯ ಸಲೂನಿಗೆ ಹೊರಟುಹೋದರು.

ಶಾಂತಿ ಚೆನ್ನಾಗಿಯೇ ಆಯಿತು. ನುಣ್ಣಗೆ ಹೊಳೆಯುವ ಮಾವನವರ ಪಕ್ಕದಲ್ಲಿ, ಫೋಟೋದಲ್ಲಿ ಸಪ್ಪಗೆ ನಿಂತವನು ನಾನೊಬ್ಬನೇ. ಮರುದಿನ ಬೆಳಗ್ಗೆ ನನ್ನ ಕಾಫಿಯ ಪಕ್ಕದಲ್ಲಿ ಬಟ್ಟಲೂ ಒಂದು ಹೊಸ ಸೋಪೂ ಇದ್ದವು. "ಹೆಪ್ಪು ನೀವೇ ಹಾಕಿ. ಗಟ್ಟಿಯಾದ್ಮೇಲೆ ನನಗೆ ಕೊಡಿ," ಎಂದರು ಮಾವನವರು. ಎಷ್ಟು ದಿನ ಹಿಡಿಯಬಹುದೆಂದು ಅಳುಕುತ್ತಲೇ ಕೇಳಿದೆ. ಸಾವಿರ ಹುಣ್ಣಿಮೆ ಕಂಡವರು ಪೇಪರು ಮಡಿಸಿಟ್ಟು, "ನನಗೇನೂ ಅವಸರ ಇಲ್ಲ," ಎಂದರು.

ಅಂದಿನಿಂದ ಕರೆಂಟಿನ ರೇಜರು ಬಿಟ್ಟು, ಕಾಲ ಮೇಲೆ ನೀರು ಸುರಿಸಿಕೊಳ್ಳುತ್ತ, ಕೆನ್ನೆ ಕುಯ್ದುಕೊಳ್ಳುತ್ತ ಆ ಬಟ್ಟಲಿನಲ್ಲೇ ನೊರೆ ಎಬ್ಬಿಸುತ್ತಿದ್ದೇನೆ. ನವಿಲಿನ ಬಣ್ಣವೆಲ್ಲ ನೀರಿಗೆ ಇಳಿದುಹೋಗಿ, ಈಗ ನೋಡಿದರೆ ಅದು ಹಡಗಿನಂತೆಯೇ ಕಾಣುತ್ತದೆ. ಸಲೂನಿನಿಂದ ಬಂದ ಮಾವನವರು ಆಗಾಗ ಮುಚ್ಚಳ ತೆಗೆದು, ಹೆಬ್ಬೆರಳಿನಿಂದ ಒತ್ತಿ ನೋಡಿ, ಇನ್ನೂ ಆಗಿಲ್ಲವೆಂದು ತಲೆಯಾಡಿಸಿ ಹೋಗುತ್ತಾರೆ. ಮೊನ್ನೆ ಮೊದಲ ಸಲ ನೀರು ತೊಟ್ಟಿಕ್ಕದೆ ನಿಂತಿತು. ಅದೇ ಹೊತ್ತಿಗೆ ಬಚ್ಚಲು ತೊಳೆಯುತ್ತಿದ್ದ ಸುಧಾ, "ಥೂ, ಎಷ್ಟು ಗಲೀಜಾಗಿದೆ, ಇದನ್ನೊಂದಿಷ್ಟು ತಿಕ್ಕಿ ಇಡ್ತೀನಿ," ಎಂದು ಬಟ್ಟಲಿಗೆ ಕೈ ಹಾಕಿದಳು. ಕಾಫಿ ಚೆಲ್ಲಿಕೊಂಡು ಓಡಿ ಹೋಗಿ ಕೂಗಿದೆ: "ಮುಟ್ಬೇಡ ಅದನ್ನ! ನೆಟ್ಟಗಿರೋದನ್ನ ನೆಟ್ಟಗಿರೋಕೆ ಬಿಡೋದು ಈ ಮನೇಲಿ ಯಾರಿಗೂ ಗೊತ್ತಿಲ್ವಾ?"