ಟವೆಲಿನೊಳಗಿನ ಬಂದೂಕು

ಮಾರ್ಚ್ ತಿಂಗಳ ಒಂದು ದಿನ ಬೆಳಗ್ಗೆ ಆರೂವರೆಗೆ ಗಾದ್ರಪ್ಪ ಬಂದೂಕು ಕೊಳ್ಳಲು ಮನೆ ಬಿಟ್ಟ.

ಲೈಸೆನ್ಸು ಕೈಗೆ ಬಂದು ವಾರವಾಗಿತ್ತು. ಅರ್ಜಿ ಹಾಕಿದ್ದು ಎರಡು ವರ್ಷದ ಹಿಂದೆ, ಹೆಂಡತಿ ದುರುಗಕ್ಕ ಅಟ್ಟಣೆಯಿಂದ ಬಿದ್ದ ಮಾರನೆಯ ವಾರ. ಜಗಳೂರಿನಾಚೆಯ ಅವರ ಊರಿನ ಹಳ್ಳದ ಸಾಲಿನಲ್ಲಿ ಐದು ಮನೆಯವರ ಶೇಂಗಾ ಹೊಲಗಳಿದ್ದವು. ಕಾಡುಹಂದಿ ಕಾಯಲು ಐದೂ ಮನೆಗೆ ಸರದಿ. ಸರದಿ ಬಂದವರು ರಾತ್ರಿಯಿಡೀ ಅಟ್ಟಣೆ ಮೇಲೆ ಕೂತು ಎಣ್ಣೆ ಡಬ್ಬಿ ಬಡಿಯಬೇಕು. ಗಾದ್ರಪ್ಪನ ಮನೆಯಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ಒಬ್ಬರು ಬಡಿಯುವಾಗ ಇನ್ನೊಬ್ಬರು ಕಣ್ಣು ಮುಚ್ಚಬೇಕು. ಅಂಥ ಒಂದು ರಾತ್ರಿ ಕತ್ತಲಲ್ಲಿ ಇಳಿಯಲು ಹೋಗಿ ದುರುಗಕ್ಕ ಸೊಂಟ ಮುರಿದುಕೊಂಡಿದ್ದಳು. ಈಗಲೂ ಕುಂಟುತ್ತಲೇ ಸರದಿಗೆ ಹೋಗುತ್ತಿದ್ದಳು.

“ಇನ್ಮ್ಯಾಲೆ ಸರದಿ ಬಂದ್ರೂ ನೀನು ಮನ್ಯಾಗೆ ಮಲಗು. ಸದ್ದು ಮಾಡಾಕೆ ಬಂದೂಕು ಬರ್ತೈತೆ,” ಎಂದಿದ್ದ ಗಾದ್ರಪ್ಪ.

“ಮೊದ್ಲು ತರ್ರಿ. ಆಮೇಲೆ ಮಲಗ್ತೀನಿ,” ಎಂದಿದ್ದಳು ಅವಳು.

ಬಸ್ ನಿಲ್ದಾಣದಲ್ಲಿ ಪಕ್ಕದ ಹೊಲದ ತಿಪ್ಪೇಶಪ್ಪ ಬೇವಿನಕಡ್ಡಿ ಕಡಿಯುತ್ತ ನಿಂತಿದ್ದ. “ಒಂಟಿ ನಳಿಗೆದು ತರಬ್ಯಾಡ ಮಾರಾಯ. ರೈಫಲ್ಲೇ ತಾ. ದುರ್ಬೀನು ಇರಾದು. ಹಂದಿ ಮೀಸೆನೂ ಕಾಣಬೇಕು.”

“ನನ್ನ ಲೈಸೆನ್ಸಿಗೆ ರೈಫಲ್ ಕೊಡಂಗಿಲ್ಲ. ದುಡ್ಡೂ ಇಲ್ಲ.”

“ಏನಾರ ತಾ. ಇವತ್ತೇ ತರ್ತೀಯಲ್ಲ?”

“ಇವತ್ತೇ.”

ತಿಪ್ಪೇಶಪ್ಪ ಕಡ್ಡಿ ಉಗಿದು, ಖುಷಿಯಿಂದ ಮನೆ ಕಡೆ ನಡೆದ. ಆ ಖುಷಿ ಯಾಕೆಂದು ಗಾದ್ರಪ್ಪ ಕೇಳಬೇಕಿತ್ತು. ಕೇಳಲಿಲ್ಲ.

ಬಸ್ಸಿನಲ್ಲಿ ಕುರಿ ದಲಾಳಿ ಬಡೇಸಾಬ ಆಗಲೇ ಜಾಗ ಹಿಡಿದು ಕೂತಿದ್ದ. ಬಂದೂಕಿನ ದುಡ್ಡು ಬಂದದ್ದು ಎರಡು ಟಗರು ಮಾರಿ, ಮಾರಿಸಿದವನು ಬಡೇಸಾಬ. “ನನ್ನ ಟಗರು ಬಂದೂಕಾಗಿ ಬರೋದನ್ನ ನಾನೇ ನೋಡದಿದ್ರೆ ಹೆಂಗಣ್ಣಾ?” ಎಂದು ಹೆಗಲ ಮೇಲಿನ ಟವೆಲು ಕೊಡವಿದ.

ದಾವಣಗೆರೆಯ ಬಂದೂಕಿನ ಅಂಗಡಿಯ ರವಿಕುಮಾರ್ ಮಿತಭಾಷಿ. ಹೊಸದರ ಬೆಲೆ ಹೇಳಿದಾಗ ಗಾದ್ರಪ್ಪನ ಮುಖ ಹಸಿಮೆಣಸಿನಕಾಯಿ ಕಚ್ಚಿದಂತಾಯಿತು. ಆಮೇಲೆ ಒಳಗಿನಿಂದ ಒಂದು ಹಳೆಯ ಒಂಟಿ ನಳಿಗೆ ಬಂತು. ಮರದ ಹಿಡಿ ಸವೆದಿತ್ತು, ನಳಿಗೆ ಶುದ್ಧವಾಗಿತ್ತು. “ಇಪ್ಪತ್ತೆರಡು ಸಾವಿರ. ಕಾಗದ ಎಲ್ಲಾ ಸರಿ ಐತೆ,” ಎಂದ ರವಿಕುಮಾರ್. ಗಾದ್ರಪ್ಪನ ಜೇಬಿಗೆ ಅಳತೆ ಕೊಟ್ಟು ಹೊಲಿಸಿದಂಥ ಬೆಲೆ. ಅವನು ಜೇಬಿಗೆ ಕೈ ಹಾಕಿದ.

ಬಡೇಸಾಬ ಆ ಕೈ ಹಿಡಿದ. ಬಂದೂಕನ್ನು ಸೊಂಟದ ಹತ್ತಿರ ಎತ್ತಿ ತೂಕ ನೋಡಿದ. ಬೆನ್ನು ಸವರಿದ. ಬಾಯಿಗೆ ಕಣ್ಣಿಟ್ಟು ಒಳಗೆ ನೋಡಿದ.

“ವಯಸ್ಸಾಗೈತೆ.”

“ಬಂದೂಕಿಗೆ ಹಲ್ಲು ಇರಂಗಿಲ್ಲ, ಸಾಬ್ರೇ,” ಎಂದ ರವಿಕುಮಾರ್.

ಬಡೇಸಾಬ ಟವೆಲು ಹಾಸಿ, ಅದರ ಕೆಳಗೆ ಅಂಗಡಿಯವನ ಕೈ ಎಳೆದುಕೊಂಡ. ಕುರಿಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಆ ಭಾಷೆ ಬಾರದ ರವಿಕುಮಾರ್, ಅಪರಿಚಿತನೊಬ್ಬ ತನ್ನ ಎರಡು ಬೆರಳು ಯಾಕೆ ಹಿಸುಕುತ್ತಿದ್ದಾನೆಂದು ತಿಳಿಯದೆ ಕೈ ಕಿತ್ತುಕೊಂಡ.

“ನಡಿ ಅಣ್ಣಾ. ಮೊದಲ ಮಾತಿಗೆ ವ್ಯಾಪಾರ ಮುಗಿಸಿದೋನು ಉದ್ಧಾರ ಆಗಿಲ್ಲ. ಚಾ ಕುಡ್ದು ಬರಾನ. ತಾನೇ ಕೂಗ್ತಾನೆ.”

ರವಿಕುಮಾರ್ ಕೂಗಲಿಲ್ಲ. ಅವರು ಚಾ ಕುಡಿದರು, ಮಿರ್ಚಿ ಮಂಡಕ್ಕಿ ತಿಂದರು, ಮತ್ತೆ ಚಾ ಕುಡಿದರು. ತಿರುಗಿ ಬರುವಷ್ಟರಲ್ಲಿ ಅಂಗಡಿ ಊಟಕ್ಕೆ ಮುಚ್ಚಿತ್ತು. ಎದುರಿನ ಕಟ್ಟೆಯ ಮೇಲೆ ಗಾದ್ರಪ್ಪ, ಹೆಣ್ಣು ಒಪ್ಪಿಯೂ ಮಾತುಕತೆ ಮುಗಿಯದ ವರನಂತೆ ಕೂತ. ನಾಲ್ಕಕ್ಕೆ ಬಾಗಿಲು ತೆರೆಯಿತು. ರವಿಕುಮಾರ್ ಬೇಸತ್ತು ಐನೂರು ಬಿಟ್ಟ.

“ನೋಡಿದ್ಯಾ?” ಎಂದ ಬಡೇಸಾಬ. ಆ ಐನೂರರಲ್ಲಿ ಅರ್ಧ ಅವನ ದಲಾಲಿಗೆ ಹೋಯಿತು.

ಕೊಂಡ ಬಂದೂಕನ್ನು ಮೊದಲು ಠಾಣೆಯಲ್ಲಿ ತೋರಿಸಿ ನಂಬರು ಬರೆಸಬೇಕೆಂದು ರವಿಕುಮಾರ್ ಹೇಳಿದ್ದ. ಹಾಗಾಗಿ ಇಬ್ಬರೂ ಜಗಳೂರಿನಲ್ಲಿ ಬಸ್ಸಿಳಿದು ನೇರ ಠಾಣೆಗೆ ಹೋದರು. ಒಳಗೆ ಟಿವಿ ಜೋರಾಗಿತ್ತು. ರೈಟರು ನಂಬರು ಬರೆದುಕೊಂಡು ಬಂದೂಕನ್ನು ಹಿಂದಿನ ಗೋಡೆಗೆ ಒರಗಿಸಿದರು.

ಗಾದ್ರಪ್ಪ ಕೈ ಚಾಚಿದ. “ಸಾರ್, ಬಂದೂಕು?”

“ನಾಲ್ಕು ಗಂಟೆಗೆ ಎಲೆಕ್ಷನ್ ಘೋಷಣೆ ಆತು, ಯಜಮಾನ್ರೇ. ಲೈಸೆನ್ಸಿನ ಬಂದೂಕೆಲ್ಲಾ ಠಾಣೆಗೆ ಒಪ್ಪಿಸಬೇಕು. ಮನೆಗೊಯ್ದು ತಿರುಗಿ ತರೋ ಬದ್ಲು ಇಲ್ಲೇ ಬಿಟ್ಟು ಹೋಗ್ರಿ. ಓಟು ಎಣಿಕೆ ಮುಗಿದ ಮೇಲೆ ಬರ್ರಿ.”

“ಒಂದ್ ರಾತ್ರಿ ಸಾರ್. ನಮ್ಮಾಕೆಗೆ ತೋರಿಸಿ…”

“ಮಧ್ಯಾಹ್ನ ಬಂದಿದ್ರೆ ನಾನೇ ಕೊಟ್ಟು ಕಳಿಸ್ತಿದ್ದೆ. ಒಪ್ಪಿಸಾಕೆ ನೋಟೀಸು ಬರೋತನಕ ವಾರ ಹತ್ತು ದಿನ ಮನ್ಯಾಗೆ ಇರ್ತಿತ್ತು. ಈಗ ಆಗಂಗಿಲ್ಲ.”

ಬಡೇಸಾಬ ಟವೆಲಿನಿಂದ ಮುಖ ಒರೆಸಿಕೊಂಡ. “ಕೊಂಡ ಟಗರು ಮನೆ ನೋಡೋಕೆ ಮುಂಚೆ ದೊಡ್ಡಿ ಸೇರ್ತಲ್ಲಣ್ಣಾ,” ಎಂದ. ಗಾದ್ರಪ್ಪ ರೈಟರು ಕೊಟ್ಟ ರಸೀದಿ ಮಡಚಿ ಜೇಬಿಗಿಟ್ಟುಕೊಂಡು ಹೊರಬಂದ.

ಊರಿಗೆ ಬರುವಾಗ ಕತ್ತಲಾಗುತ್ತಿತ್ತು. ಅಂದಿನ ಸರದಿ ತಿಪ್ಪೇಶಪ್ಪನದು. ಆದರೆ ಅವನ ಮನೆಗೆ ಬೀಗ ಬಿದ್ದಿತ್ತು. ಎದುರು ಮನೆಯ ಹೊನ್ನೂರಮ್ಮ ಹೊಸಿಲ ಮೇಲಿಂದಲೇ ಹೇಳಿದಳು:

“ಅವ್ರು ನ್ಯಾಮತಿಗೆ ಮದುವೆಗೆ ಹೋದ್ರು. ಬಂದೂಕು ಬಂದ ಮೇಲೆ ಸರದಿ ಯಾಕೆ ಅಂದ್ರು. ನಾವೂ ಹಂಗೇ ಮಾತಾಡ್ಕೊಂಡ್ವಿ ಕಣಪ್ಪಾ. ಇನ್ನ ಐದೂ ಹೊಲ ನೀನೇ ನೋಡ್ಕೊ. ಒಂದೇ ಒಂದು ಗುಂಡು ಹಾರ್ಸು, ಸಾಕು.”

ಗಾದ್ರಪ್ಪ ಜೇಬು ಮುಟ್ಟಿಕೊಂಡ. ರಸೀದಿ ಇತ್ತು.

ದುರುಗಕ್ಕ ಬಾಗಿಲಲ್ಲೇ ಕಾದಿದ್ದಳು. ಇನ್ನು ಯಾವ ರಾತ್ರಿಯೂ ಅಟ್ಟಣೆ ಹತ್ತಬೇಕಿಲ್ಲವೆಂದು, ಅಷ್ಟು ಹೊತ್ತಿಗೇ ಹಾಸಿಗೆ ಹಾಸಿಟ್ಟಿದ್ದಳು. ಗಂಡನ ಖಾಲಿ ಕೈ ನೋಡಿದಳು, ಹಿಂದೆ ಯಾರಾದರೂ ಹೊತ್ತು ತರುತ್ತಿದ್ದಾರೇನೋ ಎಂದು ದಾರಿ ನೋಡಿದಳು. ಅವನು ನಡೆದದ್ದೆಲ್ಲ ಹೇಳಿದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

“ಡಬ್ಬಿ ಎಲ್ಲೈತೆ?” ಎಂದ ಅವನು ಕೊನೆಗೆ. “ನೀನು ಮಲಗು. ನಾನೊಬ್ನೇ ಹೋಗ್ತೀನಿ.”

“ಡಬ್ಬಿನಾ?” ದುರುಗಕ್ಕ ತಲೆ ತಗ್ಗಿಸಿದಳು. “ಮಧ್ಯಾಹ್ನ ಗುಜರಿಯೋನು ಬಂದಿದ್ದ. ಇನ್ಯಾಕೆ ಬೇಕು ಅಂತ ಎಲ್ಲಾರೂ ಹಾಕಿದ್ರು. ನಾನೂ ಹಾಕ್ದೆ. ಒಂದ್ ಬಕೆಟು ಕೊಟ್ಟ.”

ಮೂಲೆಯಲ್ಲಿ ಹೊಸ ಪ್ಲಾಸ್ಟಿಕ್ ಬಕೆಟು ಇತ್ತು. ಗಾದ್ರಪ್ಪ ಅದನ್ನು ಬೆರಳಿನಿಂದ ಬಡಿದು ನೋಡಿದ. ಕೆಮ್ಮಿದಷ್ಟೂ ಸದ್ದಾಗಲಿಲ್ಲ.

ದುರುಗಕ್ಕ ಗೋಡೆ ಹಿಡಿದು ಎದ್ದಳು. ಹಾಸಿಗೆ ಸುತ್ತಿಟ್ಟಳು. ಗೋಡೆಯ ಮಾಡದಿಂದ, ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಕಂಚಿನ ತಟ್ಟೆ ತೆಗೆದಳು. “ನಡೀರಿ. ಒಬ್ರೇ ಐದು ಹೊಲ ಕಾಯಾಕೆ ಆಗಂಗಿಲ್ಲ,” ಎಂದು ಮುಂದೆ ನಡೆದಳು. ಗಾದ್ರಪ್ಪ ಅವಳ ಕುಂಟುವ ಕಾಲಿಗೆ ಬ್ಯಾಟರಿ ಬೆಳಕು ಬಿಡುತ್ತ ಹಿಂದೆ ಹೋದ.

ಬಂದೂಕು ಜೂನ್ ಎರಡನೇ ವಾರದಲ್ಲಿ ಮನೆಗೆ ಬಂತು. ಶೇಂಗಾ ಮೇ ತಿಂಗಳಲ್ಲೇ ಕಿತ್ತಾಗಿತ್ತು.