ಬಿಟ್ಟಿ ಲಿನಕ್ಸು, ಬಿಟ್ಟಿ ಬ್ಯಾಗು

ಚೌಕಾಸಿ ಒಂದು ವಿದ್ಯೆ. ಅದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ನಾನು ಕಲಿಸುತ್ತೇನೆ, ಕೇಳುವವರಿದ್ದರೆ! ಸೈಕಲ್ ಮೇಲೆ ಪ್ಲಾಸ್ಟಿಕ್ ಬಿಂದಿಗೆ ಮಾರುತ್ತಾ ತುಮಕೂರಿಗೆ ಬಂದವನು ಇಂದು ಅದೇ ಊರಿನ ಸದಾಶಿವನಗರದಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟಿದ್ದೇನೆಂದರೆ ಅದು ಈ ವಿದ್ಯೆಯ ಪ್ರಸಾದ. ಆದ್ದರಿಂದ ನನ್ನ ಹೆಂಡತಿ ಸುಶೀಲ, "ರೀ, ನಂಗೊಂದು ಲ್ಯಾಪ್‌ಟಾಪ್ ಬೇಕು" ಎಂದಾಗ ನಾನು ಹೆದರಲಿಲ್ಲ.

ಸೀರೆಗೆ ಕುಚ್ಚು ಹಾಕುವುದರಲ್ಲಿ ಸುಶೀಲಳದು ಎತ್ತಿದ ಕೈ. ಗುಬ್ಬಿಯಲ್ಲಿರುವ ಅವಳ ತಂಗಿ ಜಯಮ್ಮ ಹನ್ನೆರಡು ಜನ ಹೆಂಗಸರನ್ನು ಒಟ್ಟುಹಾಕಿ, "ಅಕ್ಕಾ, ಭಾನುವಾರ ಹನ್ನೊಂದಕ್ಕೆ ಆನ್‌ಲೈನ್ ಕ್ಲಾಸ್ ಶುರು ಮಾಡು" ಎಂದಿದ್ದಳು. ಇಪ್ಪತ್ತು ವರ್ಷ ನನ್ನ ಅಂಗಡಿಯ ಗಲ್ಲಾದ ಹಿಂದೆ ಕೂತವಳು ಮೊದಲ ಸಲ ಸ್ವಂತವಾಗಿ 'ಮೇಡಂ' ಆಗುವವಳಿದ್ದಳು. ಫೋನಿನಲ್ಲಿ ಹನ್ನೆರಡು ಮುಖಗಳೂ ಎಳ್ಳುಕಾಳಿನಂತೆ ಕಾಣುತ್ತವೆ, ಯಾರ ಗಂಟು ಸರಿ, ಯಾರದು ತಪ್ಪು ಎಂದು ತಿಳಿಯುವುದಿಲ್ಲ ಎಂಬುದು ಅವಳ ಚಿಂತೆ.

ಕುಣಿಗಲ್ಲಿನ ಹಳೇ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಎರಡು ಗಂಟೆ ನನ್ನ ವಿದ್ಯೆ ಪ್ರದರ್ಶಿಸಿದೆ. ಅಂಗಡಿಯವನು ಸೋತು ಬೆವರೊರೆಸಿಕೊಂಡು, ಲ್ಯಾಪ್‌ಟಾಪಿನ ಜೊತೆಗೆ ಹುಣಸೆಬೀಜದಷ್ಟು ದೊಡ್ಡ ಕಪ್ಪು ವಸ್ತುವೊಂದನ್ನು ಇಟ್ಟ.

"ಇದು ಇರ್ಲಿ ಸಾರ್, ಫ್ರೀ. ಮುಂದೆ ಕೆಲ್ಸಕ್ಕೆ ಬರುತ್ತೆ."

ಎರಡು ಗಂಟೆ ಗಂಟಲು ಹರಿದುಕೊಂಡದ್ದಕ್ಕೆ ಹುಣಸೆಬೀಜವೇ! "ಇದನ್ನ ನೀನೇ ಇಟ್ಕೊಳಪ್ಪ. ಬದ್ಲಿಗೆ ಆ ಬ್ಯಾಗ್ ಕೊಡು" ಎಂದೆ.

"ಸಾರ್, ಇದ್ರ ಉಪಯೋಗ ಏನಪ್ಪಾ ಅಂದ್ರೆ..."

"ಬ್ಯಾಗ್!"

ಕೊಟ್ಟ. ಮೂರು ಖಾನೆ, ಎರಡು ಜಿಪ್ಪು!

ಲ್ಯಾಪ್‌ಟಾಪ್ ಮಾತ್ರ ತುಸು ನಿಧಾನ. ಗುಂಡಿ ಒತ್ತಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೆ ಆಗಷ್ಟೇ ಕಣ್ಣು ಬಿಡುತ್ತಿತ್ತು. ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಲು ಬಂದ ಗಿರಾಕಿಯೊಬ್ಬರು ನನ್ನ ಗೋಳು ಕೇಳಿ, "ವಿಂಡೋಸ್ ತೆಗ್ದು ಲಿನಕ್ಸ್ ಹಾಕಿ ಸಾರ್, ಜಿಂಕೆ ಥರ ಓಡುತ್ತೆ. ಪೂರ್ತಿ ಉಚಿತ" ಎಂದರು. ಪೆನ್‌ಡ್ರೈವಿಗೂ ಹಾಕಿಕೊಟ್ಟರು. "ಪೂರ್ತಿ ಹಾಕೋಕ್ ಮುಂಚೆ ವೈಫೈ ಹಿಡಿಯುತ್ತಾ ಅಂತ ಟ್ರೈ ಮಾಡಿ ನೋಡಿ" ಎಂದೂ ಹೇಳಿದರಂತೆ. ಇದನ್ನು ಸುಶೀಲ ಕೇಳಿಸಿಕೊಂಡಿದ್ದಾಳೆ. 'ಉಚಿತ' ಎಂಬ ಪದ ಬಿದ್ದ ಮೇಲೆ ನನ್ನ ಕಿವಿ ಬೇರೇನನ್ನೂ ಒಳಗೆ ಬಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಾರ್ಯಾರಂಭ.

"ರೀ, ಇವತ್ತೇ ಯಾಕ್ರೀ? ನಿಧಾನ ಆದ್ರೂ ನಡೀತಿದ್ಯಲ್ಲ!"

"ನಿನ್ ಮೊದಲ್ನೇ ಕ್ಲಾಸ್ ಕಣೇ! ಜಿಂಕೆ ಮೇಲೆ ಕೂರಿಸ್ತೀನಿ, ನೋಡ್ತಿರು."

ಹಳೆಯದನ್ನೆಲ್ಲ ಅಳಿಸಲೇ ಎಂದು ಯಂತ್ರ ವಿನಯದಿಂದ ಕೇಳಿತು. ಅಳಿಸು! ಹೊಸ ಕಲಾಯಿ ಹಾಕುವ ಮುನ್ನ ಪಾತ್ರೆ ಕೆರೆಯಲೇಬೇಕಲ್ಲವೇ? ಅರ್ಧ ಗಂಟೆಯಲ್ಲಿ ಪರದೆ ಕಂಚಿನ ತಟ್ಟೆಯಂತೆ ಹೊಳೆಯಿತು. ಮೀಸೆ ತಿರುವಿ ಸುಶೀಲಳನ್ನು ಕರೆದೆ.

"ಚೆನ್ನಾಗಿದೆ ರೀ. ವೈಫೈ ಎಲ್ಲಿ?"

ಇರಲಿಲ್ಲ! ಒಂದೇ ಮೇಜಿನ ಮೇಲೆ ರೌಟರಿನ ಪಕ್ಕದಲ್ಲೇ ಕೂತಿದ್ದ ಲ್ಯಾಪ್‌ಟಾಪು, ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಮುಖ ತಿರುಗಿಸಿಕೊಂಡಿತ್ತು. ಫೋನಿನಲ್ಲಿ ಹುಡುಕಿದಾಗ ಪರಿಹಾರ ಸಿಕ್ಕಿತು: ವೈಫೈಗೆ ಬೇಕಾದ 'ಡ್ರೈವರ್' ಎಂಬ ತಂತ್ರಾಂಶವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಿ. ಇಂಟರ್ನೆಟ್ ಬರಲು ಇಂಟರ್ನೆಟ್ ಬೇಕು! ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂತಾಯಿತು.

ಪಕ್ಕದ ಮನೆಯ ನಂಜುಂಡಪ್ಪನವರು ನಿವೃತ್ತ ಟೆಲಿಫೋನ್ ಲೈನ್‌ಮನ್. ಸುದ್ದಿ ತಿಳಿದು ಒಂದು ಸಿಂಬಿ ವೈರಿನೊಂದಿಗೆ ಬಂದೇಬಿಟ್ಟರು. "ಗಾಳೀಲಿ ಬರೋದನ್ನ ನಂಬಬಾರ್ದು ಕಣ್ರೀ. ವೈರ್ ಎಳೆಯೋಣ." ಲ್ಯಾಪ್‌ಟಾಪನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಹಾಕಿ, ತೆಗೆದು ನೋಡಿದರು. "ಇಷ್ಟ್ ತೆಳ್ಳಗಿರೋದಕ್ಕೆ ವೈರ್ ಚುಚ್ಚೋ ತೂತೇ ಇಲ್ವಲ್ರೀ!"

ಎಷ್ಟು ತೆಳ್ಳಗಿದೆ ಎಂದು ಮೆಚ್ಚಿ ಆರಿಸಿದವನು ನಾನೇ.

ಕೊನೆಗೆ ಲ್ಯಾಪ್‌ಟಾಪ್ ಹೊತ್ತು ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಪಕ್ಕ ನಿಂತು ನಾಲ್ಕೂ ದಿಕ್ಕಿಗೆ ತೋರಿಸಿದೆ. ಕೆಳಗಿನಿಂದ ಸುಶೀಲ ಕೂಗಿದಳು: "ರೀ, ಅದು ಡಿಶ್ ಅಲ್ಲ! ಇಳೀರಿ, ಹತ್ತೂವರೆ ಆಯ್ತು!"

ಇಳಿದೆ. ಕುಣಿಗಲ್ಲಿನವನಿಗೆ ಫೋನ್ ಮಾಡಿ, ಸುಶೀಲಳಿಗೂ ಕೇಳಲೆಂದು ಸ್ಪೀಕರ್ ಹಾಕಿ, ಗದರಿಸಿದೆ.

"ಸಾರ್, ನಿಧಾನ ಅಂತ ಎಲ್ರೂ ಮುಂದೆ ಲಿನಕ್ಸ್ ಹಾಕ್ತಾರೆ, ಆ ಮಾಡೆಲ್ ವೈಫೈ ಚಿಪ್ಪು ಲಿನಕ್ಸ್‌ಗೆ ಒಗ್ಗಲ್ಲ. ಅದಕ್ಕೇ ಜೊತೇಲಿ ಒಂದು ಡಾಂಗಲ್ ಕೊಡ್ತೀನಿ. ಅದನ್ನ ಚುಚ್ಚಿದ್ರೆ ತಕ್ಷಣ ನೆಟ್ ಬರುತ್ತೆ. ನಿಮ್ಗೂ ಕೊಟ್ಟಿರ್ಬೇಕು, ನೋಡಿ."

"ಎಷ್ಟು ದೊಡ್ಡದಿರುತ್ತಪ್ಪ ಅದು?"

"ಹುಣಸೆಬೀಜದಷ್ಟು ಸಾರ್."

ನಾನು ಸ್ಪೀಕರ್ ಆರಿಸುವ ಗುಂಡಿ ಹುಡುಕಿದೆ. ಅಷ್ಟರಲ್ಲಿ ಅವನು ಕೇಳಿದ: "ಓಹೋ... ನೀವು ಬ್ಯಾಗ್ ಸಾರಾ?"

ಸುಶೀಲ ಮೊಳೆಗೆ ನೇತುಹಾಕಿದ್ದ ಬ್ಯಾಗನ್ನು ನೋಡಿದಳು. ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹನ್ನೊಂದಕ್ಕೆ ಸರಿಯಾಗಿ ಲ್ಯಾಪ್‌ಟಾಪ್ ತೆರೆದಿಟ್ಟು, ಅದರ ಪರದೆಗೆ ತನ್ನ ಫೋನನ್ನು ಒರಗಿಸಿ ನಿಲ್ಲಿಸಿದಳು. ಬ್ಯಾಗಿನ ಮೂರು ಖಾನೆಗಳಿಂದ ಮೂರು ಬಣ್ಣದ ರೇಷ್ಮೆ ದಾರ ತೆಗೆದಳು. ಫೋನಿನ ಪರದೆಯಲ್ಲಿ ಹನ್ನೆರಡು ಎಳ್ಳುಕಾಳು ಮೂಡಿದವು.

"ಒಬ್ಬೊಬ್ರೇ ಸೀರೆ ಅಂಚನ್ನ ಕ್ಯಾಮೆರಾ ಹತ್ರ ಹಿಡೀರಮ್ಮ. ಹಾಂ, ಆ ಗಂಟು ಬಿಚ್ಚಿ, ಇನ್ನೊಂದ್ಸಲ ಹಾಕಿ" ಎನ್ನುತ್ತಾ ಕಣ್ಣು ಕಿರಿದಾಗಿಸಿ ಒಂದು ಗಂಟೆ ಪಾಠ ಮಾಡಿದಳು. ಮುಗಿಯುವಾಗ ಜಯಮ್ಮ ಕೇಳಿದಳು: "ಅಕ್ಕಾ, ಬಾವ ತಂದ್ರಲ್ಲ, ಆ ಲ್ಯಾಪ್‌ಟಾಪ್ ಹೆಂಗಿದೆ?"

ಬಾಗಿಲ ಮರೆಯಲ್ಲಿದ್ದ ನಾನು ಕಿವಿ ನಿಮಿರಿಸಿದೆ.

"ಚೆನ್ನಾಗಿದೆ ಕಣೇ. ಅದ್ರ ಆಸರೇಲೇ ಕ್ಲಾಸ್ ನಡೀತಿರೋದು."

ಓದುಗರೇ, ಹೆಂಡತಿ ವಿಷಯದಲ್ಲಿ ನಾನು ಚೌಕಾಸಿಯಿಲ್ಲದೆ ಗೆದ್ದಿದ್ದೇನೆ.

ಮರುದಿನ ಕುಣಿಗಲ್ ಬಸ್ಸು ಹತ್ತಿದೆ. "ಕೇಳಿದಷ್ಟು ಕೊಟ್ಟು ಬನ್ನಿ, ಬಾಯಿ ಬಿಡ್ಬೇಡಿ" ಎಂದು ಸುಶೀಲಳ ಕಟ್ಟಪ್ಪಣೆಯಾಗಿತ್ತು. ಗಂಟಲು ಕೆರೆಯುತ್ತಿದ್ದರೂ ಬಾಯಿ ಬಿಡಲಿಲ್ಲ. ಅಂಗಡಿಯವನು ಹುಣಸೆಬೀಜವನ್ನು ಕೈಯಲ್ಲಿ ಹಿಡಿದು, ಗೋಡೆಯ ಕಡೆ ನೋಡಿ ನಕ್ಕ.

"ಡಾಂಗಲ್ ಕಟ್ಲಾ ಸಾರ್? ಇಲ್ಲ, ಇವತ್ತೂ ಬ್ಯಾಗಾ? ಹೊಸ ಮಾಲು ಬಂದಿದೆ."

ನೋಡಿದೆ. ನಾಲ್ಕು ಖಾನೆ!

ನಾನು ಅರ್ಧ ನಿಮಿಷ ಯೋಚಿಸಿದೆ ಎಂದು ದಯವಿಟ್ಟು ಸುಶೀಲಳಿಗೆ ಹೇಳಬೇಡಿ.