ಎರಡು ಒಲೆಗಳ ನಡುವೆ ನನ್ನ ಗಂಟಲು

ಕಡಿಮೆ ಮಾತಾಡುವವರಿಗೆ ಒಂದು ತೊಂದರೆಯಿದೆ. ಅವರ ಧ್ವನಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಕಳೆದ ಚಳಿಗಾಲದಲ್ಲಿ ನೆಗಡಿ ಬಂದು ನನ್ನ ಗಂಟಲು ಪೂರ್ತಿ ಕಟ್ಟಿಕೊಂಡಿತ್ತು. ಬೆಳಗಿನಿಂದ ತಲೆಯಾಡಿಸುತ್ತ, ಕೈಸನ್ನೆ ಮಾಡುತ್ತ ದಿನ ಕಳೆದೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಯಾರಿಗೂ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಸಂಜೆ ನಾನೇ ಅಡುಗೆಮನೆಗೆ ಹೋಗಿ, ಎಣ್ಣೆ ಕಾಣದ ಬಾಗಿಲಿನಂಥ ದನಿಯಲ್ಲಿ, "ಅವ್ವಾ, ಗಂಟಲಾ ಹೋಗೇತಿ" ಎಂದೆ.

"ಅಯ್ಯ, ಅದನ್ನ ನೀ ಬಳಸಿದ್ದರ ಯಾವಾಗವಾ?" ಎಂದಳು ದೊಡ್ಡವ್ವ. ದೊಡ್ಡಪ್ಪನ ಹೆಂಡತಿ ಆಕೆ. ಅವ್ವನೂ ಆಕೆಯೂ ನಾನು ಹುಟ್ಟುವ ಮೊದಲಿನಿಂದ ಒಂದೇ ಅಡುಗೆಮನೆಯಲ್ಲಿದ್ದಾರೆ. ಗ್ಯಾಸಿನ ಎಡಗಡೆಯ ಒಲೆ ದೊಡ್ಡವ್ವನದು, ಬಲಗಡೆಯದು ಅವ್ವನದು. ಹೀಗೆಂದು ಯಾರೂ ಗೊತ್ತುಮಾಡಿದ್ದಲ್ಲ. ಆದರೆ ಎಡಗಡೆಯ ಒಲೆಯ ಮೇಲೆ ಅವ್ವ ಚಹಾ ಇಟ್ಟದ್ದನ್ನು ನಾನು ಈವರೆಗೆ ನೋಡಿಲ್ಲ.

ನಿಜವಾದ ಸಂಕಟವೆಂದರೆ ಮರುದಿನ ನಾನು ಬಾದಾಮಿಯ ಒಂದು ಕಾಲೇಜಿನಲ್ಲಿ ಮಾದರಿ ಪಾಠ ಮಾಡಬೇಕಿತ್ತು. ಬಾಗಲಕೋಟೆಯ ಒಂದು ಪ್ರಯೋಗಾಲಯದಲ್ಲಿ ಜನರ ಕಫ ಪರೀಕ್ಷಿಸುವುದು ನನ್ನ ಕೆಲಸ. ಕಫ ಮಾತಾಡಿಸುವುದಿಲ್ಲ, ಹಾಗಾಗಿ ನನಗೆ ಒಗ್ಗಿದೆ. ಆದರೂ ಉಪನ್ಯಾಸಕಿಯಾಗಬೇಕೆಂಬ ಆಸೆಯನ್ನು ಓದುವ ಕಾಲದಿಂದ ಒಳಗೇ ಇಟ್ಟುಕೊಂಡು ಬಂದಿದ್ದೆ. ಅಂಥ ಕರೆ ಬಂದದ್ದು ಅದೇ ಮೊದಲು. ಅದಕ್ಕೆ ಸರಿಯಾಗಿ ಧ್ವನಿ ಹೊರಟುಹೋಗಿತ್ತು.

"ಏನು ಪಾಠ?" ಎಂದಳು ಅವ್ವ. ಉಳಿದಿದ್ದ ದನಿಯಲ್ಲೇ ಹೇಳಿದೆ. ನಮ್ಮ ಮೂಗು, ಗಂಟಲುಗಳಲ್ಲಿ ಬೇರೆಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಒಂದೇ ಜಾಗಕ್ಕಾಗಿ ಬಡಿದಾಡುತ್ತವೆ. ನ್ಯುಮೋಕಾಕಸ್ ಎಂಬುದು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸಿ ಸುತ್ತ ಬಿಡುತ್ತದೆ. ಗಾಯಕ್ಕೆ ಹಾಕಿದರೆ ಬುಸುಬುಸು ನೊರೆ ಬರುತ್ತದಲ್ಲ, ಅದೇ. ಪಕ್ಕದಲ್ಲಿರುವ ಹಿಮೋಫಿಲಸ್ ಅದಕ್ಕೆ ಸಾಯುತ್ತದೆ.

"ಅಂದ್ರ ನಿನ್ನ ಮೂಗಿನ್ಯಾಗೂ ನೆಗೆಣ್ಣ್ಯಾರು ಅದಾರ ಅನ್ನು" ಎಂದು ದೊಡ್ಡವ್ವ ತನ್ನ ಓರಗಿತ್ತಿಯತ್ತ ನೋಡಿ ನಕ್ಕಳು. ಅವ್ವ ನಗಲಿಲ್ಲ. "ಅದರಾಗ ಹಿರೇಕಿ ಯಾರು?" ಎಂದಷ್ಟೇ ಕೇಳಿ ಅರಿಶಿನದ ಡಬ್ಬಿ ತೆಗೆದಳು.

ಅವ್ವನ ಔಷಧಿ ಅರಿಶಿನದ ಹಾಲು. ದೊಡ್ಡವ್ವನದು ಮೆಣಸು, ಬೆಲ್ಲದ ಕಷಾಯಕ್ಕೆ ನಿಂಬೆಹಣ್ಣು ಹಿಂಡಿದ್ದು. ಹಾಲು ಕಾಯುವುದರೊಳಗೆ ದೊಡ್ಡವ್ವ ನನ್ನ ಕೈಗೆ ಕಷಾಯದ ವಾಟಗ ಕೊಟ್ಟು, ಕುಡಿದ ಮೇಲೆ ತಣ್ಣಗೆ ಸಾರಿದಳು: "ಇನ್ನ ಹಾಲು ಕುಡಿಯಂಗಿಲ್ಲ ನೋಡು. ಹೊಟ್ಟ್ಯಾಗ ಒಡೀತೈತಿ." ಅವ್ವ ಕಾಯಿಸಿದ ಹಾಲು ಕೆನೆಗಟ್ಟಿತು. ರಾತ್ರಿ ಊಟಕ್ಕೆ ಮೊದಲು ಮತ್ತೊಂದು ಗುಟುಕು ನಿಂಬೆ, ಊಟವಾದ ಮೇಲೆ ಇನ್ನೊಂದು. ನನ್ನ ಗಂಟಲಿನಲ್ಲಿ ಹಾಲು ಬದುಕುವಂಥ ಜಾಗವನ್ನೇ ದೊಡ್ಡವ್ವ ಉಳಿಸಲಿಲ್ಲ. ನನ್ನ ಪಾಠದ ಮೊದಲರ್ಧ ಇಷ್ಟು ಚೆನ್ನಾಗಿ ಕಣ್ಣೆದುರೇ ನಡೆಯುತ್ತದೆಂದು ನಾನು ಎಣಿಸಿರಲಿಲ್ಲ. ಬೆಳಗಾಗುವಷ್ಟರಲ್ಲಿ ಗಂಟಲು ಉರಿಯತೊಡಗಿತ್ತು. ಪೆರಾಕ್ಸೈಡಿನ ಗುಣವೂ ಅದೇ. ಪಕ್ಕದವರನ್ನು ಕೊಲ್ಲುವ ಭರದಲ್ಲಿ ಇರುವ ಮನೆಯನ್ನೂ ಸುಡುತ್ತದೆ.

ಪಾಠಕ್ಕೆ ಇನ್ನೊಂದು ಅರ್ಧವಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಸೋಲುವ ಹಿಮೋಫಿಲಸ್, ಪ್ರಾಣಿಯ ಮೂಗಿನಲ್ಲಿ ಗೆಲ್ಲುವುದುಂಟು. ತನ್ನಿಂದ ಆಗದ್ದನ್ನು ಅದು ಮನೆಯ ಯಜಮಾನನನ್ನು ಎಬ್ಬಿಸಿ ಮಾಡಿಸುತ್ತದೆ. ದೇಹದ ಬಿಳಿಯ ರಕ್ತಕಣಗಳು ಎದ್ದು ಬಂದು ನ್ಯುಮೋಕಾಕಸ್ಸನ್ನು ನುಂಗಿಹಾಕುತ್ತವೆ. ಈ ಭಾಗವನ್ನು ನಾನು ಅಡುಗೆಮನೆಯಲ್ಲಿ ಹೇಳಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅವ್ವ ತಾನಾಗಿಯೇ ಪಡಸಾಲೆಗೆ ಹೋಗಿ ಅಪ್ಪನೆದುರು ನಿಂತಳು. "ನೋಡ್ರಿ, ಪರೀಕ್ಷಾಕ್ಕ ಹೋಗೂ ಹುಡುಗಿ ಗಂಟಲಾ ಉರೀತೈತಂತ. ನಾ ಏನೂ ಅನ್ನಂಗಿಲ್ರಿ."

ಅಡುಗೆಮನೆಯ ಹೊಸ್ತಿಲು ದಾಟದ ಅಪ್ಪ, ಪೂಜೆ ಮುಗಿಸಿ ಹಣೆಯ ವಿಭೂತಿಯೂ ಆರದ ಹಾಗೇ ಒಳಗೆ ಬಂದ. "ಏನ್ ನಡಿಸೀರಿ ಇಬ್ಬರೂ? ವೈನಿ, ಎಲ್ಲೈತಿ ನಿಮ್ಮ ಕಷಾಯ? ನಿಂದೆಲ್ಲೈತಿ ಹಾಲು? ತರ್ರಿ ಇಲ್ಲೆ. ಏನಾಕ್ಕೈತಿ ನಾನ ನೋಡ್ತೇನಿ!"

ಹಾಲನ್ನೂ ಕುಡಿದ, ಅದರ ಮೇಲೆ ಕಷಾಯವನ್ನೂ ಕುಡಿದ. ಬಿಳಿಯ ರಕ್ತಕಣಗಳು ನುಂಗಿದ ಮೇಲೆ ತಾವೂ ಸಾಯುತ್ತವೆ. ಅಪ್ಪ ಸಾಯಲಿಲ್ಲ, ಹೊಟ್ಟೆ ಹಿಡಿದುಕೊಂಡು ಹಿತ್ತಲ ಕಡೆ ನಡೆದ. "ನಾ ಹೇಳಿದ್ನಿಲ್ಲೋ, ಒಡೀತೈತಿ ಅಂತ!" ಎಂದಳು ದೊಡ್ಡವ್ವ. ಆಮೇಲೆ ಇಬ್ಬರೂ ಒಂದೇ ಒಲೆಯ ಮೇಲೆ, ಅದೂ ಎಡಗಡೆಯದರ ಮೇಲೆ, ಅಪ್ಪನಿಗಾಗಿ ಜೀರಿಗೆ ನೀರು ಕುದಿಸತೊಡಗಿದರು. ನಾನು ಬರೀ ಬಿಸಿನೀರು ಕುಡಿದು, ಯಾರಿಗೂ ಕಾಣದಂತೆ ಬಸ್ ಹತ್ತಿದೆ.

ಹುನಗುಂದ ದಾಟುವವರೆಗೂ ದಾರಿಯುದ್ದಕ್ಕೂ ಸಣ್ಣಗೆ ಕೆಮ್ಮಿ ದನಿ ಹುಡುಕಿದೆ. ಸಿಕ್ಕದ್ದು ಗೊಗ್ಗರು ದನಿ ಮಾತ್ರ. ತಯಾರಿಸಿಕೊಂಡ ಉದ್ದುದ್ದ ವಾಕ್ಯಗಳನ್ನು ಅದು ಹೊರುವಂತಿರಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ಕೇಳಂಗಿಲ್ರಿ" ಎಂದಾಗ ನನಗೆ ಬೇರೆ ದಾರಿ ಕಾಣಲಿಲ್ಲ. ಹಲಗೆಯ ಮೇಲೆ ಎರಡು ಒಲೆ ಬರೆದೆ. ಮನೆಯ ಮಾತನ್ನು ಹೊರಗೆ ಎಂದೂ ಆಡದ ನಾನು, ಸಣ್ಣಸಣ್ಣ ಮಾತಿನಲ್ಲಿ ಅವ್ವ, ದೊಡ್ಡವ್ವ, ನಿಂಬೆಹಣ್ಣು, ಹಾಲು ಎಲ್ಲವನ್ನೂ ಬಿಚ್ಚಿಟ್ಟೆ. ನನ್ನ ಕತೆಯಲ್ಲಿ ಅಪ್ಪ ಎದ್ದು ಬರುವ ಹೊತ್ತಿಗೆ, ಕೇಳಿಸುವುದಿಲ್ಲ ಎಂದಿದ್ದ ಹುಡುಗಿ ಮುಂದಿನ ಬೆಂಚಿಗೆ ಬಂದು ಕೂತಿದ್ದಳು. ಪ್ರಾಂಶುಪಾಲರು ಕನ್ನಡಕ ಒರೆಸಿಕೊಳ್ಳುತ್ತ, "ಜೂನಿನಿಂದ ಬರ್ರಿ. ಗಂಟಲಾ ನೆಟ್ಟಗ ಮಾಡ್ಕೊಂಡು ಬರ್ರಿ" ಎಂದರು.

ಸಂಜೆ ಮನೆಗೆ ಬರುವಷ್ಟರಲ್ಲಿ ಧ್ವನಿ ಮುಕ್ಕಾಲು ಮರಳಿತ್ತು. ಸುದ್ದಿ ಹೇಳಿದೆ. ಅಪ್ಪ ಮಲಗಿದ್ದಲ್ಲಿಂದಲೇ ನಕ್ಕ. ಅವ್ವ ಕಣ್ಣೊರೆಸಿಕೊಂಡಳು, ದೊಡ್ಡವ್ವ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಆಮೇಲೆ ಇಬ್ಬರೂ ನನ್ನ ಎರಡೂ ಪಕ್ಕಕ್ಕೆ ನಿಂತರು. "ಖರೆ ಹೇಳವಾ, ಯಾರ ಔಷಧಿಗೆ ಬಂತು ಗಂಟಲಾ?"

ಸಾಮಾನ್ಯವಾಗಿ ನಾನು ನಿಖರವಾದ ಉತ್ತರ ಕೊಡುವವಳು. ಆದರೆ ಇದೇ ಅಡುಗೆಮನೆಯಲ್ಲಿ ನಾನಿನ್ನೂ ಉಣ್ಣಬೇಕು. ಕುತ್ತಿಗೆ ಮುಟ್ಟಿಕೊಂಡು, ಬಾಯಿ ಮಾತ್ರ ಆಡಿಸಿ, ದನಿ ಮತ್ತೆ ಹೋಯಿತೆಂದು ಕೈಸನ್ನೆ ಮಾಡಿದೆ. ಎಂ.ಎಸ್ಸಿ ಮುಗಿಸಿದವಳಿಗೆ ಆಮೇಲೆ ಏನಾಗುತ್ತದೆಂದು ಹೊಳೆಯಬೇಕಿತ್ತು. ಹೊಳೆಯುವಷ್ಟರಲ್ಲಿ ಎರಡೂ ಒಲೆಗಳು ಹೊತ್ತಿಕೊಂಡಿದ್ದವು.